ಚಾಕು ಸಾಹೇಬರು

ಅವರ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ನಾನು ಬಟ್ಟೆ ಹಿಂಡುತ್ತಿದ್ದೆ. ಸರ್ಕಾರಿ ನರ್ಸರಿಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ನಮ್ಮ ಯಜಮಾನರು ಬಂದವರೇ, "ಹೊಸ ಸಾಹೇಬ್ರು ಬಂದಿದ್ದಾರೆ ಕಣೆ. ಜೇಬಲ್ಲಿ ಪೆನ್ನಿಲ್ಲ, ಮಡಚೋ ಚಾಕು ಇದೆ," ಎಂದರು.

"ಹಾಗಾದ್ರೆ ನಿಮ್ಮ ಸಂಬಳಕ್ಕೆ ಸಹಿ ಹೇಗೆ ಹಾಕ್ತಾರಂತೆ?"

"ಕೆಲಸಗಳ್ಳರ ಮೂಗು ಕೊಯ್ಯೋಕಿರ್ಬೇಕು."

ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಅವರು ಚಾಕು ಸಾಹೇಬರು.

ಯಜಮಾನರು ತೀರಿಕೊಂಡ ಮೇಲೆ ನರ್ಸರಿಯಲ್ಲಿ ನನಗೆ ಕೆಲಸ ಕೊಡಿಸಿದವರು ಅವರೇ. ಮೂರನೇ ತರಗತಿ ಓದಿದವಳ ಕೈಗೆ ಚಾಕು ಕೊಟ್ಟು ಕಿತ್ತಳೆ ಕಸಿ ಕಲಿಸಿದರು. ತಾಯಿ ಮರದ ಕಡ್ಡಿಯಿಂದ ಚಿಗುರುವ ಕಣ್ಣೊಂದನ್ನು ಸೀಳಿ ತೆಗೆದು, ಎಳೆ ಗಿಡದ ತೊಗಟೆಯೊಳಗೆ ಕೂರಿಸಿ, ಪಟ್ಟಿ ಸುತ್ತಬೇಕು. "ಬಿಗಿಯಾದ್ರೆ ಉಸಿರು ಕಟ್ಟುತ್ತೆ, ಸಡಿಲಾದ್ರೆ ನೀರು ಇಳಿಯುತ್ತೆ ಅಕ್ಕ," ಎನ್ನುತ್ತಿದ್ದರು. ಒಂದು ಗಿಡದ ಎಲೆ ಅರ್ಧ ಹಳದಿ, ಅರ್ಧ ಹಸಿರಾಗಿ ಕಂಡರೆ ಇಡೀ ಸಾಲನ್ನೇ ಸುಡಿಸುತ್ತಿದ್ದರು. ಆ ಹಳದಿ ರೋಗ ಕಸಿಯ ಕಣ್ಣಿನ ಜೊತೆಗೇ ಹೊಸ ಗಿಡಕ್ಕೆ ಹೋಗುತ್ತದೆ. ಕೆಲವು ಸಲ ಕಾಯಿ ಬಿಡುವವರೆಗೂ ಸುಳಿವು ಕೊಡುವುದಿಲ್ಲ.

ಅವರು ಕೊಟ್ಟ ಗಿಡ ಎಂದರೆ ಜನ ಹಿಂದೆಮುಂದೆ ನೋಡದೆ ನೆಡುತ್ತಿದ್ದರು. ಆ ನಂಬಿಕೆಯೇ ಅವರನ್ನು ಚುನಾವಣೆಗೆ ಎಳೆಯಿತು. ಕೆಲಸ ಬಿಡುವ ವಾರ, ನರ್ಸರಿಯ ಹಿಂಭಾಗದ ತೋಟದ ಅರವತ್ತು ರೋಗದ ಮರಗಳಿಗೆ ತಾವೇ ಕೆಂಪು ಬಣ್ಣ ಬಳಿದು, ಕಡಿಸಿರಿ ಎಂದು ಹೇಳಿ ಹೋದರು. ಯಾರೂ ಕಡಿಯಲಿಲ್ಲ.

ಗೆದ್ದರು, ತೋಟಗಾರಿಕೆ ಮಂತ್ರಿಯೂ ಆದರು. ಪ್ರತಿ ಮನೆಗೂ ಐವತ್ತು ಕಸಿ ಗಿಡ ಕೊಡುತ್ತೇನೆಂದು ಭಾಷಣದಲ್ಲಿ ಹೇಳಿಬಿಟ್ಟರು. ಇದ್ದ ಒಳ್ಳೆಯ ಮರಗಳು ಅಷ್ಟು ಕಣ್ಣು ಎಲ್ಲಿಂದ ಕೊಟ್ಟಾವು? ಮುಂದಿನ ಚುನಾವಣೆ ಹತ್ತಿರವಾದಾಗ ಒಂದು ಬೆಳಗ್ಗೆ ಕಾರಿನಿಂದಿಳಿದು ನೇರ ನಮ್ಮ ಕಸಿ ಶೆಡ್ಡಿಗೆ ಬಂದರು; ಆಗ ಅಲ್ಲಿ ನಾನೊಬ್ಬಳೇ ಇದ್ದೆ. ಕೆಂಪು ಬಣ್ಣದ ಮರಗಳಿಂದಲೂ ಕಡ್ಡಿ ತೆಗೆಯಿರಿ ಎಂದರು.

"ಆ ಬಣ್ಣ ಬಳಿದೋರು ನೀವೇ ಅಲ್ವಾ ಸರ್? ಬೇಡ."

"ಇದೊಂದು ಸಲ ಕಸಿ ಕಟ್ಟಿ ಅಕ್ಕ. ಸೋತ್ರೆ, ಮುಂದೆ ಒಳ್ಳೇ ಗಿಡ ಕೊಡೋಕೂ ನಾನಿರಲ್ಲ."

ಕಟ್ಟಿದೆ. ದಿನಕ್ಕೆ ಇನ್ನೂರು ಗಿಡ.

ಸಾಹೇಬರು ಮತ್ತೆ ಗೆದ್ದರು. ಗಿಡ ನೆಟ್ಟ ನಾಲ್ಕನೇ ವರ್ಷ ಹಣ್ಣುಗಳು ಸೊಟ್ಟಗೆ, ಕಹಿಯಾಗಿ, ತಳದಲ್ಲಿ ಹಸಿರು ಉಳಿಸಿಕೊಂಡೇ ಉದುರಿದವು. ನನ್ನ ಅಳಿಯ ನೆಟ್ಟ ಐವತ್ತೂ ಹೋದವು. ಪಕ್ಕದಲ್ಲಿದ್ದ ಅವನ ಅಪ್ಪನ ಕಾಲದ ಮರಗಳಿಗೂ ರೋಗ ಹತ್ತಿತು. ಕೊಡಲಿ ಹಿಡಿದು ನಿಂತವನು ನನ್ನತ್ತ ತಿರುಗಿ, "ಅತ್ತೆ, ಇದನ್ನ ಕಟ್ಟಿದ್ದು ಯಾರ ಕೈ?" ಎಂದ. ನನ್ನದೇ ಎಂದೆ. ಆಮೇಲೆ ಅವನು ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಮಗಳನ್ನೂ ಕಳಿಸಲಿಲ್ಲ.

ವಿಚಾರಣೆ ಬಂತು. ಕಡ್ಡಿ ಕೊಯ್ದ ಆಳುಗಳು ಸಾಲು ತಪ್ಪಿ ಕೆಂಪು ಬಣ್ಣದ ಮರಗಳಿಗೆ ಕೈ ಹಾಕಿದ್ದಾರೆ, ತಮಗೇನೂ ಗೊತ್ತಿರಲಿಲ್ಲ ಎಂದು ಸಾಹೇಬರು ಬರೆದುಕೊಟ್ಟಿದ್ದರು. ನಾನು ಸಾಕ್ಷಿ ಹೇಳಬೇಕಾದ ಹಿಂದಿನ ದಿನ ಮಧ್ಯಾಹ್ನ ಬಸ್ಸಿನಲ್ಲಿ ಒಬ್ಬರೇ ನಮ್ಮ ಮನೆಗೆ ಬಂದರು. ನೀರು ಕೇಳಿ ಕುಡಿದರು.

"ನೀವು ಬೇಡ ಅಂದಿದ್ದು ನಮ್ಮಿಬ್ಬರಿಗೇ ಗೊತ್ತು ಅಕ್ಕ."

"ಹೌದು ಸರ್. ಅದನ್ನ ಹೇಳ್ತೀನಿ. ಬೇಡ ಅಂದ್ಮೇಲೂ ನಾನು ಕಟ್ಟಿದ್ದನ್ನೂ ಹೇಳ್ತೀನಿ."

ಖಾಲಿ ಲೋಟ ಕೆಳಗಿಟ್ಟರು. ಬೈಯಲಿಲ್ಲ, ಕೆಲಸ ಕೊಡಿಸಿದ್ದನ್ನು ಎತ್ತಿ ಆಡಲಿಲ್ಲ. ಎದ್ದು ಚಪ್ಪಲಿ ಮೆಟ್ಟುತ್ತಾ ಇಷ್ಟೇ ಕೇಳಿದರು:

"ನಾನೂ ಅಲ್ಲೇ ಕೂತಿರ್ತೀನಿ. ಹೇಳುವಾಗ ನನ್ನ ಮುಖ ನೋಡ್ಬೇಡಿ ಅಕ್ಕ."