ನಾಲಿಗೆಯ ಸಂದಿನಲ್ಲೊಂದು ಗೇರುಬೀಜ

ಚೌತಿ ಕಳೆದ ಮೇಲೆ ಗೇರುಮರ ಬೀಜ ಉದುರಿಸುವುದಿಲ್ಲ. ನಮ್ಮ ಬೆಟ್ಟಂಪಾಡಿ ಕಡೆ ಇದನ್ನು ತಿಳಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಬೀಜ ಬೀಳುವುದು ಬೇಸಿಗೆಯಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಮರ ಬರಿದು. ಹಾಗಿದ್ದೂ ಆ ದಿನ ಬೆಳಿಗ್ಗೆ ನನ್ನ ರೈಲುಹಳಿಯ ಸಂದಿನಲ್ಲಿ, ನಾನೇ ಅರ ಹಾಕಿ ಉಜ್ಜಿ ಚೂಪು ಮಾಡಿದ ಕಬ್ಬಿಣದ ನಾಲಿಗೆಯ ತುದಿಗೆ, ಒಂದು ಗೇರುಬೀಜ ಕೂತಿತ್ತು. ಚೆನ್ನಾಗಿ ಒಣಗಿದ್ದು, ಧೂಳಿಲ್ಲದ್ದು, ಮನೆಯೊಳಗಿನ ಡಬ್ಬಿಯಿಂದ ಬಂದದ್ದು. ಅಂಗಳದ ಕೆಸರಿನಲ್ಲೇ ಕೂತುಬಿಟ್ಟೆ.

ರೈಲು ಎಂದೆನಲ್ಲ, ಅದನ್ನು ಮೊದಲು ಹೇಳಬೇಕು. ಮಂಗಳೂರಿನಿಂದ ಹಾಸನಕ್ಕೆ ರೈಲು ಹಾಕುತ್ತಾರಂತೆ, ಪುತ್ತೂರಿಗೂ ಬರುತ್ತದಂತೆ ಎಂದು ಊರೆಲ್ಲ ಬಾಯಿ ಚಪ್ಪರಿಸುತ್ತಿದ್ದ ಕಾಲ ಅದು. ಸರಕಾರದ ರೈಲು ಸುದ್ದಿಯಲ್ಲೇ ಓಡುತ್ತಿದ್ದಾಗ ನನ್ನ ರೈಲು ನಿಜವಾಗಿ ಓಡುತ್ತಿತ್ತು. ಬಾವಿಕಟ್ಟೆಗಿಂತ ಸ್ವಲ್ಪ ದೊಡ್ಡ ಜಂಭ ನನಗಿತ್ತೆಂದರೆ ತಪ್ಪಲ್ಲ.

ಅದು ಆಟದ ರೈಲಲ್ಲ. ನನ್ನ ಅಕ್ಕನಿಗೆ ಎಳವೆಯಲ್ಲಿ ಜ್ವರ ಬಂದು ಎರಡೂ ಕಾಲು ಸೋತುಹೋಗಿತ್ತು. ಸೊಂಟದಿಂದ ಮೇಲೆ ಅವಳು ಗಟ್ಟಿಗಿತ್ತಿ. ತೋಳಲ್ಲಿ ಬಲ, ಮಾತಿನಲ್ಲಿ ಅದಕ್ಕಿಂತ ಬಲ. ದಿನವಿಡೀ ಜಗಲಿಯಲ್ಲಿ ಕೂತು ಮೊರದಂಥ ತಡ್ಪೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವಳು ಜಗಲಿಯಿಂದ ಎಲ್ಲಿಗೆ ಹೋಗಬೇಕಾದರೂ ಅಮ್ಮನ ಬೆನ್ನೇ ಗತಿ. ಅಪ್ಪ ತೀರಿಹೋದ ಮೇಲೂ, ತನ್ನ ಕೂದಲು ನರೆತ ಮೇಲೂ, ಅಮ್ಮ ಅಷ್ಟು ದೊಡ್ಡ ಮಗಳನ್ನು ಬೆನ್ನಿಗೆ ಹಾಕಿಕೊಂಡು ಬಚ್ಚಲಿಗೆ ಕೊಂಡೊಯ್ಯುತ್ತಿದ್ದಳು. ನಾನು ಎತ್ತುತ್ತೇನೆಂದರೆ ಬಿಡುತ್ತಿರಲಿಲ್ಲ.

ಅಕ್ಕನಿಗೆ ಒಂದೇ ಆಸೆ. ಬಸ್ಸು ಓಡುವ ಮಾರ್ಗದ ಬದಿಯಲ್ಲಿ, ಕಟ್ಟಿದ ಬೀಡಿ ಕೊಳ್ಳುವ ಕಂಪನಿಯ ಬ್ರಾಂಚು ಇತ್ತು. ವಾರಕ್ಕೊಮ್ಮೆ ಅಮ್ಮ ಬೀಡಿಯ ಕಟ್ಟನ್ನು ತಲೆಯಲ್ಲಿಟ್ಟು ಅಲ್ಲಿಗೆ ಕೊಂಡುಹೋಗುವಳು. ಅಲ್ಲಿಯ ಚೆಕ್ಕರ್ ಒಂದೊಂದನ್ನು ನೋಡಿ, ಮನಸ್ಸಿಗೆ ಬಂದಷ್ಟನ್ನು ಮುರಿದು ಪಕ್ಕಕ್ಕೆ ಎಸೆಯುವನು. ಅಮ್ಮ ತುಟಿಪಿಟಕ್ಕೆನ್ನದೆ ಬರುವಳು. ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

"ನನ್ನ ಬೀಡಿ ಮುರಿಯುವವನ ಎದುರು ನಾನೊಮ್ಮೆ ಕೂರ್ಬೇಕು ಮಾರಾಯ. ಎಂತ ತಪ್ಪುಂಟು ಅಂತ ನನಗೆ ತೋರ್ಸಿ ಮುರೀಲಿ" ಎನ್ನುತ್ತಿದ್ದಳು.

ನಾನು ಕೆಲವು ವರ್ಷ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿದು ಊರಿಗೆ ಬಂದವನು. ಅಲ್ಲಿ ಮಣ್ಣನ್ನು ಸಾಗಿಸುವುದು ಸಣ್ಣ ಹಳಿಯ ಮೇಲೆ, ಟ್ರಾಲಿಯಲ್ಲಿ. ನಮ್ಮ ಮನೆ ಗುಡ್ಡೆಯ ಮಗ್ಗುಲನ್ನು ಕಡಿದು ಸಮತಟ್ಟು ಮಾಡಿ ಕಟ್ಟಿದ್ದು. ಅಂಗಳದಿಂದ ಗೇರುಮರಗಳ ನಡುವೆ ಮಾರ್ಗದವರೆಗೂ ನೆಲ ಹೆಚ್ಚು ಕಡಿಮೆ ಒಂದೇ ಮಟ್ಟ. ಒಂದು ದಿನ ತಲೆಗೆ ಹೊಳೆಯಿತು, ಮತ್ತೆ ನಿದ್ದೆ ಬರಲಿಲ್ಲ. ಬೈನೆ ಮರ ಸೀಳಿ ಉದ್ದಕ್ಕೆ ಹಾಸಿ, ಅದರ ಮೇಲೆ ಗಾಡಿಚಕ್ರದ ಹಳೆಯ ಪಟ್ಟಿಯನ್ನು ಬಡಿದು ನೇರ ಮಾಡಿ ಮೊಳೆ ಹೊಡೆದೆ. ಗುಜರಿಯಿಂದ ಟ್ರಾಲಿಯ ನಾಲ್ಕು ಚಕ್ರ ಸಿಕ್ಕಿತು. ಅದರ ಮೇಲೆ ಒಂದು ಮಣೆ. ಅಕ್ಕ ಮಣೆಯಲ್ಲಿ ಕೂತು, ಎರಡು ಕೈಯಲ್ಲಿ ಎರಡು ಬಿದಿರಿನ ಗೂಟ ಹಿಡಿದು ನೆಲವನ್ನು ಹಿಂದಕ್ಕೆ ಒತ್ತಿದರೆ ದೋಣಿ ಹೋದ ಹಾಗೆ ಹೋಗುತ್ತಿತ್ತು.

ಮೊದಲು ಹಾಕಿದ್ದು ಬಚ್ಚಲಿನ ದಾರಿ. ಅದು ಸರಿಯಾಗಿ ನಡೆಯಿತು. ಎರಡನೆಯದು ಮಾರ್ಗದ ದಾರಿ. ಅಂಗಳದ ತುದಿಯಲ್ಲಿ ಒಂದು ಹಳಿ ಎರಡಾಗಬೇಕು, ಅಲ್ಲೇ ನನ್ನ ಪಿತ್ತ ನೆತ್ತಿಗೇರಿದ್ದು. ಹಳಿ ಕವಲೊಡೆಯುವಲ್ಲಿ ಎರಡು ಕಬ್ಬಿಣದ ಪಟ್ಟಿಗಳನ್ನು ಚಾಕುವಿನಂತೆ ತೆಳ್ಳಗೆ ಮಾಡಿ ಕೂರಿಸಬೇಕು. ಕಾರ್ಖಾನೆಯಲ್ಲಿ ಅದಕ್ಕೆ ನಾಲಿಗೆ ಎನ್ನುತ್ತಿದ್ದೆವು. ಎರಡನ್ನೂ ಒಂದು ಸರಳಿನಿಂದ ಜೋಡಿಸಿ, ಪಕ್ಕದಲ್ಲಿ ಒಂದು ಹಿಡಿ. ಹಿಡಿಯನ್ನು ಆಚೆ ನೂಕಿದರೆ ಒಂದು ದಾರಿ, ಈಚೆ ಎಳೆದರೆ ಇನ್ನೊಂದು. ಒಂದು ದಾರಿಗೆ ಕಚ್ಚಿದಾಗ ಇನ್ನೊಂದು ದಾರಿಯ ಕಡೆ ಸಂದು ತೆರೆದಿರುತ್ತದೆ; ಹಿಡಿ ಎಳೆದಾಗ ಅದು ಮುಚ್ಚಿ ನಾಲಿಗೆಯ ತುದಿ ಹಳಿಗೆ ಕಚ್ಚಿ ಕೂರಬೇಕು. ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೂ ಚಕ್ರಕ್ಕೆ ಯಾವ ದಾರಿ ಎಂದು ತಿಳಿಯದೆ ಟ್ರಾಲಿ ಮಗುಚುತ್ತದೆ.

ಮಗುಚಿತು. ಮಾರ್ಗಕ್ಕೆಂದು ಹೊರಟ ಮೊದಲ ದಿನವೇ. ಅಕ್ಕ ಮಣೆಯಿಂದ ಜಾರಿದಳು. ಪುಣ್ಯಕ್ಕೆ ಅಮ್ಮ ಅಲ್ಲೇ ಇದ್ದವಳು ಹಿಡಿದುಕೊಂಡಳು. ನೋಡಿದರೆ ಸಂದಿನಲ್ಲಿ ಒಂದು ಗೇರುಬೀಜ. ಬೇಸಿಗೆ, ತಲೆಯ ಮೇಲೆಯೇ ಮರ. ಬಿದ್ದಿರಬೇಕು ಎಂದುಕೊಂಡು ಗುಡಿಸಿದೆ. ಮುಂದಿನ ವಾರವೂ ಅದೇ ಕಥೆ. ಆಗ ಬೀಜ ಕಾಣಲಿಲ್ಲ, ಟ್ರಾಲಿ ಬಿದ್ದ ರಭಸಕ್ಕೆ ಎಲ್ಲೋ ಹಾರಿರಬೇಕು. ನಾನು ಹಿಡಿಯನ್ನು ಎಳೆದದ್ದು ಸರಿಯಾಗಿಯೇ ಇತ್ತು. ಮರದ ಹಿಡಿ, ನಾಲಿಗೆ ಅರ್ಧಕ್ಕೆ ನಿಂತರೂ ತಾನು ಸ್ವಲ್ಪ ಬಾಗಿ ಪೂರ್ತಿ ಬಂದಂತೆ ಅನಿಸುತ್ತಿತ್ತು.

ಕಬ್ಬಿಣದ ಕೆಲಸ ಮಾಡಿಕೊಟ್ಟ ಆಚಾರಿಯ ಮೇಲೆ ಹರಿಹಾಯ್ದೆ. "ಆಚಾರ್ರೇ, ನೀವು ಕೊಟ್ಟದ್ದು ಕಬ್ಬಿಣವಾ, ಬೆಲ್ಲವಾ?"

"ನನ್ನ ಕಬ್ಬಿಣಕ್ಕೆ ಎಂತ ಆಗ್ಲಿಲ್ಲ ಮಾರಾಯ. ನಿನ್ನ ತಲೆಗೆ ಸ್ವಲ್ಪ ನೀರು ಹಾಕು" ಎಂದರು ಅವರು.

ಕುಣಿಯಲಾರದವನು ಅಂಗಳ ಡೊಂಕು ಎಂದನಂತೆ. ನಾನು ಅಂಗಳವನ್ನೂ ಬಿಡಲಿಲ್ಲ. ನೆಲ ಅಗೆದು ಮತ್ತೆ ಮಟ್ಟ ಮಾಡಿದೆ. ನಾಲಿಗೆಯನ್ನು ಕಿತ್ತು ಹೊಸತು ಮಾಡಿದೆ. ಮಳೆ ಬಂತು, ಕೆಲಸ ನಿಂತಿತು. ಅಕ್ಕ ಜಗಲಿಯಲ್ಲಿ ತಲೆ ಎತ್ತದೆ ಬೀಡಿ ಕಟ್ಟುತ್ತಿದ್ದಳು. ಅವಳು ಬೈದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಚೌತಿ ಕಳೆದು ಬಿಸಿಲು ಕಂಡ ಮೇಲೆ ಎಲ್ಲವನ್ನೂ ಸರಿಮಾಡಿ, ನಾಳೆ ಮಾರ್ಗಕ್ಕೆ ಹೋಗುವ ಎಂದು ಸಾರಿದೆ. ಬೆಳಿಗ್ಗೆ ಎದ್ದವನು ಯಾಕೋ ಬಗ್ಗಿ ನೋಡಿದೆ. ಆಗಲೇ ಕಂಡದ್ದು ಮೊದಲು ಹೇಳಿದ ಆ ಗೇರುಬೀಜ.

ಕೆಸರಿನಲ್ಲಿ ಕೂತೇ ಒಂದೊಂದಾಗಿ ನೆನಪಿಗೆ ಬಂತು. ಬಚ್ಚಲಿನ ದಾರಿಯಲ್ಲಿ ಒಮ್ಮೆಯೂ ಬಿದ್ದದ್ದಿಲ್ಲ. ಮಾರ್ಗದ ದಾರಿಯಲ್ಲಿ ಬಿದ್ದಾಗಲೆಲ್ಲ ಅಮ್ಮ ಅಲ್ಲೇ ಇದ್ದಳು. ಪುಣ್ಯಕ್ಕೆ ಅಲ್ಲ. ಟ್ರಾಲಿ ಬೀಳುವ ಮೊದಲೇ ಅವಳ ಎರಡೂ ಕೈ ಮುಂದೆ ಚಾಚಿರುತ್ತಿತ್ತು. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ನಡೆದೆ.

ಅಮ್ಮ ಅಡಿಗೆಕೋಣೆಯಲ್ಲಿ ಮಸಾಲೆ ಕಡೆಯುವ ಕಲ್ಲಿನ ಮುಂದೆ ಕೂತಿದ್ದಳು. ಬೀಜವನ್ನು ಅವಳ ಎದುರು ಇಟ್ಟೆ.

"ಅಮ್ಮ, ಇದು ಎಂತ?"

"ಗೇರುಬೀಜ."

"ಮರದಿಂದ ಬಿತ್ತಾ?"

ಕಲ್ಲು ತಿರುಗುವುದು ನಿಂತಿತು. ಅವಳು ಸುಳ್ಳು ಹೇಳುತ್ತಾಳೆಂದು ಕಾದೆ. ಹೇಳಲೆಂದು ಹಾರೈಸಿದೆ ಎಂದರೂ ಸರಿ.

"ಅಲ್ಲ. ನಾನೇ ಇಟ್ಟದ್ದು. ಪ್ರತಿ ಸಲ ನಾನೇ."

ನಾನು ಮನೆ ಹಾರಿಹೋಗುವಂತೆ ಕಿರುಚಿದೆ. "ಅವಳ ಕೈ ಮುರಿದಿದ್ರೆ ಎಂತ ಮಾಡ್ತಿದ್ದೆ? ಅವಳಿಗೆ ಇರುದೇ ಆ ಎರಡು ಕೈ!"

"ನಾನು ಹಿಡೀಲಿಕ್ಕೆ ಇರ್ಲಿಲ್ವಾ? ಇಷ್ಟು ವರ್ಷ ಹಿಡಿದದ್ದು ನಾನಲ್ವಾ?" ಎಂದಳು ಅಮ್ಮ. ಮತ್ತೆ ತಗ್ಗಿದ ದನಿಯಲ್ಲಿ, "ಬಚ್ಚಲಿಗೆ ಹೋಗ್ಲಿ ಮಗಾ, ಬಾವಿಗೆ ಹೋಗ್ಲಿ. ಮಾರ್ಗಕ್ಕೆ ಮಾತ್ರ ಬೇಡ."

ಯಾಕೆ ಎಂದು ಕೇಳಿದೆ. ಆಗ ಅವಳು ಹೇಳಿದ್ದು ಇದು. ನಾನಿನ್ನೂ ಹುಟ್ಟದ ಕಾಲ. ಅಕ್ಕ ಸಣ್ಣವಳು. ಪುತ್ತೂರಿನ ಡಾಕ್ಟರಿಗೆ ತೋರಿಸಲೆಂದು ಅಮ್ಮ ಅವಳನ್ನು ಹೊತ್ತು ಮಾರ್ಗಕ್ಕೆ ಬಂದಿದ್ದಳು. ಮರದಡಿಯಲ್ಲಿ ಕೂರಿಸಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಅಂಗಡಿಯತ್ತ ಹೋಗಿ ಬರುವಷ್ಟರಲ್ಲಿ ಯಾರೋ ಮಗುವಿನ ಮಡಿಲಿಗೆ ಒಂದಾಣೆ ಹಾಕಿ ಹೋಗಿದ್ದರು. ಬೇಡುವ ಮಗು ಎಂದುಕೊಂಡು.

"ನನ್ನ ಮಗಳಿಗೆ!" ಎಂದಳು ಅಮ್ಮ. "ಬಿಸಾಡು ಅಂತ ಬಿಸಾಡಿಸಿ, ಬಸ್ಸೂ ಬೇಡ ಡಾಕ್ಟರೂ ಬೇಡ ಅಂತ ಹೊತ್ತುಕೊಂಡು ತಿರುಗಿ ಬಂದೆ. ಮತ್ತೆ ಅವಳನ್ನು ಆ ಮಾರ್ಗಕ್ಕೆ ತೋರ್ಸಲಿಲ್ಲ. ಈಗ ನೀನು ಮಣೆಯಲ್ಲಿ ಕೂರ್ಸಿ ಮೆರವಣಿಗೆ ಮಾಡ್ತಿ."

ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ. ಅಷ್ಟರಲ್ಲಿ ಬಾಗಿಲ ಹೊಸ್ತಿಲಿನಿಂದ ದನಿ ಬಂತು. ಅಕ್ಕ ಜಗಲಿಯಿಂದ ಕೈಯೂರಿಕೊಂಡೇ ತೆವಳಿ ಬಂದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅದನ್ನು ನಾನು ಬಿಸಾಡ್ಲಿಲ್ಲ ಅಮ್ಮ" ಎಂದಳು.

ಅಮ್ಮ ಅವಳ ಮುಖವನ್ನೇ ನೋಡಿದಳು.

"ಕಲ್ಲು ಬಿಸಾಡಿದ್ದು. ಆಣೆ ಬಾಯಿಯೊಳಗೆ ಇತ್ತು. ಮತ್ತೆ ಬಳೆ ಮಾರುವವಳು ಬಂದಾಗ ಕೊಟ್ಟೆ. ಹಸಿರು ಬಳೆ, ನೆನಪಿಲ್ವಾ? ಪಾಪದ ಮಗು ಅಂತ ಪುಕ್ಕಟೆ ಕೊಟ್ಟಳು ಅಂದುಕೊಂಡದ್ದು ನೀನು. ನೀನೇ ಕೂತು ನನ್ನ ಕೈಗೆ ತೊಡ್ಸಿದ್ದು!"

ಅಮ್ಮನನ್ನು ನಾನು ಅಪ್ಪ ಸತ್ತ ದಿನ ನೋಡಿದ್ದೇನೆ, ಅಂದೂ ಅವಳು ಹೀಗೆ ದಿಕ್ಕೆಟ್ಟಿರಲಿಲ್ಲ. ಯಾವುದನ್ನು ಎದೆಯಲ್ಲಿ ಕೆಂಡದ ಹಾಗೆ ಇಟ್ಟುಕೊಂಡು ಒಂದಿಡೀ ಆಯುಷ್ಯ ಮಗಳನ್ನು ಮನೆಯೊಳಗೆ ಬಚ್ಚಿಟ್ಟಳೋ, ಮಗಳಿಗೆ ಅದು ಹಸಿರು ಬಳೆ.

"ಈಗ ಯಾರಾದ್ರು ಹಾಕಿದ್ರೆ ಬಳೆ ತೆಗೊಳ್ಳುದಿಲ್ಲ, ಅವರ ಮುಖಕ್ಕೇ ಬಿಸಾಡ್ತೇನೆ" ಎಂದಳು ಅಕ್ಕ. "ನನ್ನನ್ನು ಮಾರ್ಗಕ್ಕೆ ಬಿಡು. ಆ ಬೀಜವನ್ನು ಹುರಿದು ಕೊಡು."

ಮತ್ತೆ ನನ್ನ ಕಡೆ ತಿರುಗಿ, "ನೀನು ಆ ಹಿಡಿಯನ್ನು ಅಷ್ಟು ದೂರ ಹಾಕಿದ್ದು ಯಾರಿಗೆ? ನನಗೆ ಸಿಕ್ಕುವಲ್ಲಿ ಹಾಕು" ಎಂದಳು.

ಹೌದಲ್ಲ! ಕಾರ್ಖಾನೆಯಲ್ಲಿ ದಾರಿ ಬದಲಿಸುವವನು ಬೇರೆ, ಟ್ರಾಲಿ ನೂಕುವವನು ಬೇರೆ. ಅದನ್ನೇ ಇಲ್ಲಿ ತಂದು ನೆಟ್ಟಿದ್ದೆ. ಅಂದೇ ಹಿಡಿಯನ್ನು ಕಿತ್ತು, ಕವಲಿಗಿಂತ ಈಚೆಗೆ, ಮಣೆಯಲ್ಲಿ ಕೂತವಳ ಕೈಗೆ ಎಟಕುವಂತೆ ಹಾಕಿದೆ. ಈ ಸಲ ಹಿಡಿಯೂ ಕಬ್ಬಿಣದ್ದೇ. ಉದ್ದನೆಯ ಸರಳಿಗಾಗಿ ಆಚಾರಿಯ ಕಾಲು ಹಿಡಿಯಬೇಕಾಯಿತು, ಅವರು ನಗುತ್ತಲೇ ಕೊಟ್ಟರು.

ಬ್ರಾಂಚಿನ ದಿನ ಬಂತು. ಅಕ್ಕ ತಲೆ ಬಾಚಿ, ಹೂ ಮುಡಿದು, ಬೀಡಿಯ ಕಟ್ಟನ್ನು ಮಡಿಲಲ್ಲಿಟ್ಟು ಮಣೆಯಲ್ಲಿ ಕೂತಳು. ಕವಲಿನ ಹತ್ತಿರ ನಿಲ್ಲಿಸಿ ಹಿಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಮ್ಮ ಒಳಗಿನಿಂದ ದಡದಡ ಓಡಿ ಬಂದು ಹಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾಲಿಗೆಯ ಸಂದಿಗೆ ಬೆರಳು ತೂರಿದಳು. "ಅಮ್ಮ, ಕೈ ತೆಗಿ!" ಎಂದು ಕೂಗಿದೆ. ಅಕ್ಕ ಹಿಡಿಯನ್ನು ಅಲ್ಲಾಡಿಸದೆ ಕಾದಳು. ಅಮ್ಮ ಸಂದಿನ ಉದ್ದಕ್ಕೂ ಬೆರಳು ಎಳೆದಳು. ಒಂದು ತರಗೆಲೆಯ ಚೂರು ಸಿಕ್ಕಿತು, ತೆಗೆದು ಎಸೆದಳು. ಮತ್ತೊಮ್ಮೆ ತಡವಿ ನೋಡಿ ಎದ್ದು ಹಿಂದೆ ಸರಿದಳು.

ಅಕ್ಕ ಹಿಡಿಯನ್ನು ಎಳೆದಳು. ನಾಲಿಗೆ ಹಳಿಗೆ ಕಚ್ಚಿದ ಸದ್ದು ಟಕ್ಕೆಂದು ಕೇಳಿತು. ಎರಡು ಗೂಟ ನೆಲಕ್ಕೆ ಒತ್ತಿದಳು, ಟ್ರಾಲಿ ಮಾರ್ಗದ ದಾರಿಗೆ ತಿರುಗಿತು. ಅಮ್ಮನ ಕೈಗಳು ತಾವಾಗಿಯೇ ಮುಂದೆ ಚಾಚಿದವು. ಹಿಡಿಯಲು ಯಾರೂ ಇರಲಿಲ್ಲ. ಆಗ ಅವಳು ಹೇಳಿದಳು:

"ಹೋಗಿ ಬಾ ಮಗಾ."

ಮನೆಯಿಂದ ಹೊರಡುವ ಎಲ್ಲರಿಗೂ ನಾವು ಹೇಳುವ ಮಾತು, ದಿನಕ್ಕೆಷ್ಟು ಸಲವೋ. ಗೇರುಮರದ ಆಚೆ ಟ್ರಾಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ಅಕ್ಕನಿಗೆ ಅದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.