ಕಣ್ಣು ಮುಚ್ಚಿ ಆಡಿದ ಮಾತು

ಲೀಲಾ, ಅದು ಪ್ರಾರ್ಥನೆಯ ಆವೇಶದಲ್ಲಿ ಬಾಯಿ ತಪ್ಪಿ ಬಂದ ಮಾತಲ್ಲ. ಏಳು ವರ್ಷಗಳಿಂದ ಸಭೆಯವರೆಲ್ಲ ಹಾಗೆಂದುಕೊಂಡಿದ್ದಾರೆ — ಬಹುಶಃ ನೀನೂ. ನನ್ನೊಬ್ಬಳನ್ನೇ ನಂಬಿ ನೀನು ಹೇಳಿದ್ದನ್ನು ನಾನು ಹದಿನೆಂಟು ಜನರ ಮುಂದೆ, ಬೇಕೆಂದೇ, ಪ್ರಾರ್ಥನೆಯ ಹೆಸರಿನಲ್ಲಿ ಆಡಿದೆ. ಯಾಕೆ ಆಡುತ್ತಿದ್ದೇನೆ ಎಂಬುದು ಆಗಲೇ ನನಗೆ ಗೊತ್ತಿತ್ತು.

ಚೆನ್ನೈಯ ಮಾಧವರಂನಲ್ಲಿರುವ ನಮ್ಮ ಪುಟ್ಟ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ. ತಮಿಳಿನವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ಅವರ ಹಾಲ್ ನಮಗೆ ಸಿಗುತ್ತದೆ. ಅಲ್ಲಿ ಹನ್ನೆರಡು ವರ್ಷ ಸಂಡೇ ಸ್ಕೂಲ್ ನಡೆಸಿದವಳು ನಾನು. ಬೈಬಲ್ ವಾಕ್ಯವನ್ನು ಕನ್ನಡದಲ್ಲೇ ಬಾಯಿಪಾಠ ಒಪ್ಪಿಸಬೇಕು, ಪ್ರಾರ್ಥನೆಯನ್ನೂ ಕನ್ನಡದಲ್ಲೇ ಮಾಡಬೇಕು — ಇದು ನನ್ನ ಹಟ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮಕ್ಕಳು ತಡವರಿಸುತ್ತಿದ್ದರು, ನಾನು ಗದರುತ್ತಿದ್ದೆ. ಕೊನೆಗೆ ನಾಲ್ಕೇ ಮಕ್ಕಳು ಉಳಿದಾಗ ಸಭಾಪಾಲಕರು ತರಗತಿಯನ್ನು ನಿನಗೆ ವಹಿಸಿದರು. ಪೋರೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನೀನು ಡ್ಯೂಟಿ ಮುಗಿಸಿ, ಬಸ್ಸು ಬದಲಿಸಿ ಬರುತ್ತಿದ್ದೆ. ಮೊದಲ ದಿನವೇ ಮಕ್ಕಳಿಗೆ, "ನಿಮ್ಗೆ ಯಾವ ಭಾಷೇಲಿ ಅಳು ಬರುತ್ತೋ ಅದ್ರಲ್ಲೇ ದೇವ್ರ ಹತ್ರ ಮಾತಾಡಿ" ಅಂದೆ. ತಮಿಳಿನಲ್ಲಿ ಮಾತಾಡಿದರು. ಆರೇ ತಿಂಗಳಲ್ಲಿ ಆ ಹಿಂದಿನ ಕೋಣೆಯಲ್ಲಿ ಕೂರಲು ಜಾಗವಿಲ್ಲ! ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಆ ವರ್ಷವೇ ಸಭಾಪಾಲಕರು ನಮ್ಮನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದ್ದು. ವಾರಕ್ಕೊಮ್ಮೆ ಕೂತು ಮನಸ್ಸು ಬಿಚ್ಚಿ ಮಾತಾಡಬೇಕು, ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸಬೇಕು, ಕೇಳಿದ್ದು ಅಲ್ಲೇ ಉಳಿಯಬೇಕು. ನನ್ನ ಜೋಡಿ ನೀನು. ನಾನು ಹೇಳಿಕೊಂಡದ್ದೇನು — ಮಂಡಿನೋವು, ಬಾರದ ನೀರಿನ ಲಾರಿ, ಮಗಳ ಮದುವೆ. ಮನಸ್ಸು ಬಿಚ್ಚಿದವಳು ನೀನೊಬ್ಬಳೇ. ನಿನ್ನ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ನನ್ನ ಅಡುಗೆಮನೆಯಲ್ಲಿ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀನು ಹೇಳಿದೆ.

"ಸುಗುಣಕ್ಕಾ, ಅಮ್ಮ ಹೋದ್ಮೇಲೆ ನಂಗೆ ಪ್ರಾರ್ಥನೆ ಬರ್ತಾ ಇಲ್ಲ. ಕಣ್ಣು ಮುಚ್ಚಿದ್ರೆ ಎದುರಿಗೆ ಯಾರೂ ಇಲ್ಲ ಅನ್ಸುತ್ತೆ. ಭಾನುವಾರ ಆ ಮಕ್ಳು ಪ್ರಾರ್ಥನೆ ಮಾಡೋದನ್ನ ಕೇಳ್ತೀನಲ್ಲ, ನಂಗೆ ಉಳಿದಿರೋದು ಅದೊಂದೇ. ಯಾರಿಗೂ ಹೇಳ್ಬೇಡಿ ಅಕ್ಕಾ."

"ಛೇ, ನಾನ್ಯಾಕೆ ಹೇಳ್ಲಿ," ಎಂದೆ. ನಿನ್ನ ತಲೆ ಸವರಿದೆ ಕೂಡ.

ಆ ಶುಕ್ರವಾರ ಸಂಜೆ ನಮ್ಮ ಮನೆಯಲ್ಲೇ ಕೂಟ. ಹಾಡು ಮುಗಿದು ಪ್ರಾರ್ಥನೆಯ ಸರದಿ ನನಗೆ ಬಂತು. ಎಲ್ಲರೂ ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದರು. ನಾನು ಆರಂಭಿಸಿದೆ — "ಕರ್ತನೇ, ನಿನ್ನ ಮಗಳು ಲೀಲಾಳನ್ನು ಕನಿಕರಿಸು. ನೀನು ಇಲ್ಲವೇನೋ ಎಂಬ ಸಂಶಯ ಅವಳನ್ನು ಹಿಡಿದಿದೆ. ಪ್ರಾರ್ಥಿಸುವುದನ್ನೇ ಬಿಟ್ಟಿದ್ದಾಳೆ. ಇಂಥ ಸ್ಥಿತಿಯಲ್ಲಿ ನಮ್ಮ ಎಳೆಯ ಮಕ್ಕಳಿಗೆ ಬೋಧಿಸುತ್ತಿದ್ದಾಳಲ್ಲ ತಂದೆಯೇ — ಆ ಮಕ್ಕಳನ್ನು ಕಾಪಾಡು."

ಎಂಥ ಪ್ರಾರ್ಥನೆ ಅದು! ದೇವರಿಗೆ ಗೊತ್ತಿರಲಿಲ್ಲವೇ, ನಾನು ತಿಳಿಸಬೇಕಿತ್ತೇ? ಅಷ್ಟು ಚಂದದ ಕನ್ನಡದಲ್ಲಿ, ದನಿ ನಡುಗಿಸಿಕೊಂಡು! ಬೇರೆ ಮಾತಾಗಿದ್ದರೆ ನೀನು ನಡುವೆ ಬಾಯಿ ಹಾಕಬಹುದಿತ್ತು, "ಅಕ್ಕಾ, ಸಾಕು" ಅನ್ನಬಹುದಿತ್ತು. ಪ್ರಾರ್ಥನೆಯನ್ನು ನಡುವೆ ಯಾರೂ ತಡೆಯುವುದಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಡುವೆ ಒಮ್ಮೆ ನಾನು ಕಣ್ಣು ತೆರೆದು ನೋಡಿದೆ ಲೀಲಾ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನೀನು ಸೆರಗಿನ ತುದಿಯನ್ನು ಹಿಂಡುತ್ತಾ ಕೂತಿದ್ದೆ, ಕಣ್ಣು ಮುಚ್ಚಿಯೇ ಇದ್ದೆ. ನಾನು ಮತ್ತೆ ಕಣ್ಣು ಮುಚ್ಚಿ ಮುಂದುವರಿಸಿದೆ.

ಎಲ್ಲರೂ "ಆಮೆನ್" ಎಂದರು. ಆಮೇಲೆ, ತುಸು ತಡವಾಗಿ, ನಿನ್ನದೊಂದು "ಆಮೆನ್" ಕೇಳಿಸಿತು.

"ಸುಗುಣಕ್ಕ ಎಷ್ಟು ಮನಭಾರದಿಂದ ಪ್ರಾರ್ಥನೆ ಮಾಡಿದ್ರು" ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೊಗಳಿದರು. ಇಬ್ಬರು ಹಿರಿಯರು ಭಾನುವಾರ ನಿನ್ನ ಬಳಿ ಬಂದು, "ಸ್ವಲ್ಪ ದಿನ ರೆಸ್ಟ್ ತಗೋಮ್ಮ, ಮಕ್ಕಳನ್ನ ಸುಗುಣಕ್ಕ ನೋಡ್ಕೋತಾರೆ" ಎಂದರು. ಹೇಗಿದ್ದೀ ಎಂದು ಒಬ್ಬರಾದರೂ ಕೇಳಿದರೇ? ತಾಯಿ ಸತ್ತವಳ ಮನೆಗೆ ಒಂದು ಹೊತ್ತಿನ ಊಟವಾದರೂ ಹೋಯಿತೇ? ಅವರ ಮೇಲೆ ನನಗೆ ಸಿಟ್ಟು ಬರುತ್ತದೆ — ನಾಚಿಕೆಯಿಲ್ಲದವಳು ನಾನು! ದಾರಿ ತೋರಿಸಿದವಳೇ ನಾನಲ್ಲವೇ. ನಾನು ಹಾಜರಿ ಪುಸ್ತಕ ತೆಗೆದುಕೊಂಡೆ. ಮೂರು ವಾರದ ನಂತರ ನೀನು ಬರುವುದು ನಿಂತಿತು. ವರ್ಷ ಮುಗಿಯುವುದರೊಳಗೆ ಮಕ್ಕಳು ಮತ್ತೆ ಐದಾರಕ್ಕೆ ಇಳಿದರು.

ಕಳೆದ ಭಾನುವಾರ ಸಭಾಪಾಲಕರು ಯುವಕರ ಮುಂದೆ ನನ್ನನ್ನು ನಿಲ್ಲಿಸಿ, "ಕೂಡಿ ಪ್ರಾರ್ಥಿಸುವುದು ಹೇಗೆ ಅಂತ ಸುಗುಣಕ್ಕನಿಂದ ಕಲೀರಿ, ಮುಂದಿನ ವಾರ ಅವರೇ ಹೇಳಿಕೊಡ್ತಾರೆ" ಎಂದರು. ನನ್ನಿಂದ! ಹೊರಗೆ ಬಂದಾಗ ನಿನ್ನ ತರಗತಿಯಲ್ಲಿದ್ದ ಶೀಬಾ — ಈಗ ಹದಿನೇಳರ ಹುಡುಗಿ — ತಮಿಳಿನಲ್ಲೇ ಕೇಳಿದಳು, ಲೀಲಾ ಮಿಸ್ ಯಾಕೆ ಬರುವುದೇ ಇಲ್ಲ ಆಂಟಿ, ಎಂದು. "ಕೆಲಸ ಜಾಸ್ತಿಯಂತೆ ಕಣಮ್ಮ" ಎಂದೆ. ಏಳು ವರ್ಷದ ಮೇಲೂ ನನ್ನ ನಾಲಿಗೆ ಎಷ್ಟು ಸಲೀಸಾಗಿ —

ಸಾಕು. ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ಕೇಳಿದರೆ ಇನ್ನೊಂದು ಭಾರವನ್ನು ನಿನ್ನ ತಲೆಗೇ ಕಟ್ಟಿದಂತೆ. ನೀನು ಬರಬೇಕೆಂದೂ ಇಲ್ಲ. ಈ ಭಾನುವಾರ ಆ ಹಾಲಿನಲ್ಲಿ ನಿಂತು, ಯಾರೂ ಕಣ್ಣು ಮುಚ್ಚಬೇಡಿ ಎನ್ನುತ್ತೇನೆ. ನಿನ್ನ ತಾಯಿಯ ವಿಷಯ, ನಿನ್ನ ಸಂಶಯ, ಒಂದನ್ನೂ ಮತ್ತೆ ಎತ್ತುವುದಿಲ್ಲ. ನಾನು ಮಾಡಿದ್ದನ್ನಷ್ಟೇ, ಶೀಬಾಗೂ ಅರ್ಥವಾಗುವಂತೆ ತಮಿಳಿನಲ್ಲೇ ಹೇಳುತ್ತೇನೆ. ನಡುವೆ ಯಾರು ಬೇಕಾದರೂ ಎದ್ದು ನನ್ನನ್ನು ತಡೆಯಬಹುದು, ಪ್ರಶ್ನೆ ಕೇಳಬಹುದು, ಬೈಯಬಹುದು. ಹೇಳಿ ಮುಗಿಸಿದ ಮೇಲೆ ಯಾರ ಬಾಯಿಂದಲೂ ಆಮೆನ್ ಹೇಳಿಸುವುದಿಲ್ಲ.