ಗುಂಡಿಯಮ್ಮನ ಬಳಿ ನನ್ನ ಮಗಳು

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಹೊಲಿಗೆ ಅಂಗಡಿಯ ಗುಂಡಿಯಮ್ಮ ಹೊಸ ಬಟ್ಟೆ ಹೊಲಿದದ್ದನ್ನು ಯಾರೂ ಕಂಡಿಲ್ಲ. ಮೂವತ್ತು ವರ್ಷದಿಂದ ಅವಳದು ಒಂದೇ ಕೆಲಸ: ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿದ್ದ ಗುಂಡಿ ಹಾಕುವುದು. ಗಂಡ ಬಿಟ್ಟುಹೋದನೋ, ಇವಳೇ ಓಡಿಸಿದಳೋ, ಕಟ್ಟಡದಲ್ಲಿ ಎರಡು ಪಕ್ಷಗಳಿವೆ. ನನ್ನದು ಎರಡನೆಯದು. ದಪ್ಪಗಾದವರು ನಾಚಿಕೊಳ್ಳಬಾರದೆಂದು ಅಳತೆ ತೆಗೆಯುವಾಗ ಅವಳು ಮುಖ ನೋಡುವುದಿಲ್ಲವಂತೆ. ಮುಖ ಕೊಟ್ಟು ಮಾತಾಡದವರ ಮೇಲೆ ನನಗೆ ಮೊದಲಿಂದಲೂ ಗುಮಾನಿ.

ನನ್ನದು ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಚೀಟಿ ಕೊಡುವ ಕೆಲಸ. ಆರು ಗಂಟೆಗೆ ಮುಂಚೆ ಮನೆ ಸೇರುವ ಹಾಗಿಲ್ಲ. ಅಲ್ಲಿಯವರೆಗೆ ಶಾಲೆ ಮುಗಿಸಿದ ಮಗಳು ಗುಂಡಿಯಮ್ಮನ ಬಳಿ ಇರುತ್ತಿದ್ದಳು. ಒಂಬತ್ತು ವರ್ಷದವಳು. ಹತ್ತು ತಿಂಗಳ ಕೂಸಾಗಿದ್ದಾಗ ದತ್ತು ತೆಗೆದುಕೊಂಡೆವು, ಅದನ್ನು ಅವಳಿಂದ ಮುಚ್ಚಿಟ್ಟಿಲ್ಲ. ಕೇಳಿದಾಗಲೆಲ್ಲ, ನೀನು ನಮ್ಮ ಅದೃಷ್ಟ ಕಣೇ ಎಂದು ಮುದ್ದು ಮಾಡಿ ಮಾತು ಮುಗಿಸುತ್ತಿದ್ದೆ. ಇನ್ನೇನು ಹೇಳಬೇಕಿತ್ತು?

ಈಚೆಗೆ ನಾನು ಅಂಗಡಿಗೆ ಕಾಲಿಟ್ಟರೆ ಸಾಕು, ಇಬ್ಬರ ಬಾಯಿಗೂ ಬೀಗ. ಒಂದು ದಿನ ಊಟದ ನಡುವೆ ಮಗಳು, ಹೆತ್ತವಳ ಕೂದಲೂ ನನ್ನ ಹಾಗೆ ಗುಂಗುರಾಗಿತ್ತಾ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಹುಳ ತಲೆಗೆ ಬಿಟ್ಟವಳು ಯಾರೆಂದು ಬೇರೆ ಹೇಳಬೇಕೆ? ಆ ಮಳ್ಳಿ ಕಿವಿಯೂದಿ ನನ್ನ ಮಗುವನ್ನು ನನ್ನಿಂದ ಕಿತ್ತುಕೊಳ್ಳುತ್ತಿದ್ದಾಳೆ ಎಂದೇ ತೀರ್ಮಾನಿಸಿದೆ.

ಮರುದಿನ ತಲೆನೋವೆಂದು ಸುಳ್ಳು ಹೇಳಿ ನಾಲ್ಕೂವರೆಗೇ ಬಂದೆ. ಹಿಂಬಾಗಿಲಿನಿಂದ ನುಸುಳಿ, ಬಟ್ಟೆ ಹಾಕಿ ನೋಡುವ ಮೂಲೆಯ ಪರದೆಯ ಹಿಂದೆ ನಿಂತೆ. ಇಬ್ಬರೂ ಒಂದೇ ಕೋಟಿನ ಎರಡು ತೋಳುಗಳ ಹೊಲಿಗೆ ಬಿಚ್ಚುತ್ತ ಕೂತಿದ್ದರು. ಇಬ್ಬರ ಕಣ್ಣೂ ದಾರದ ಮೇಲೆ. ಇವಳು ಏನು ತುಂಬುತ್ತಾಳೋ ನೋಡೇಬಿಡೋಣ ಎಂದು ಕಾದೆ. ಗುಂಡಿಯಮ್ಮ ಹೂಂಗುಟ್ಟುವುದು ಬಿಟ್ಟರೆ ಬಾಯಿ ತೆರೆದದ್ದೇ ಕಡಿಮೆ. ಮಾತೆಲ್ಲ ನನ್ನ ಮಗಳದೇ.

"ಅವಳು ನನ್ನ ಯಾಕೆ ಬಿಟ್ಟಳು? ನಾನು ತುಂಬಾ ಅಳ್ತಿದ್ನಾ?"

"ನಂಗೊತ್ತಿಲ್ಲ ಪುಟ್ಟಿ. ನಿಂಗೆ ಹಾಗನ್ಸುತ್ತಾ?"

"ಹೂಂ. ಅದಕ್ಕೇ ಅಮ್ಮನ ಮುಂದೆ ಅಳಲ್ಲ. ಅಳೋರು ಅದೃಷ್ಟ ಹೇಗಾಗ್ತಾರೆ?"

ಪರದೆ ಸರಿಸಿ ಹೊರಬಂದು ಅವರ ಎದುರು ಕೂತೆ. ಮಗಳು ಕೋಟಿನ ತೋಳನ್ನು ಕೆಳಗೆ ಹಾಕಿ ಗೋಡೆಗೆ ಒತ್ತಿಕೊಂಡಳು. ಗುಂಡಿಯಮ್ಮ ತಲೆಯೆತ್ತದೆ ತನ್ನ ಕೈಲಿದ್ದ ತೋಳನ್ನು ನನ್ನ ಮಡಿಲಿಗೆ ಹಾಕಿ, ಸಮಾಧಾನ ಮಾತ್ರ ಹೇಳಬೇಡಿ ಎಂದು ಹೊರಗೆ ಹೋದಳು.

"ಕದ್ದು ಕೇಳಿದ್ಯಾ?" ಎಂದಳು ಮಗಳು.

"ಕೇಳಿದೆ. ತಪ್ಪಾಯ್ತು." ನಾಲಿಗೆಯ ತುದಿಗೆ ಅದೃಷ್ಟ ಎಂಬ ಮಾತು ಬಂದಿತ್ತು, ನುಂಗಿಕೊಂಡೆ. "ಅವಳು ಯಾಕೆ ಬಿಟ್ಟಳೋ ನಂಗೂ ಗೊತ್ತಿಲ್ಲ ಕಂದಾ. ಅಳು ಬಂದ್ರೆ ಅಳು. ನಾನು ಎಲ್ಲೂ ಹೋಗಲ್ಲ."

ಅವಳು ನಂಬಲಿಲ್ಲ. ಆದರೂ ಅಳು ತಡೆಯಲಾಗದೆ ಮೊಣಕಾಲುಗಳಲ್ಲಿ ಮುಖ ಹುದುಗಿಸಿ ಬಿಕ್ಕತೊಡಗಿದಳು. ನಾನು ದಾರ ಎಳೆಯುತ್ತ ಕೂತೆ. ನಡುನಡುವೆ ಅವಳು ಅಳು ನಿಲ್ಲಿಸಿ, ನಾನು ಇದ್ದೇನೋ ಎದ್ದುಹೋದೆನೋ ಎಂದು ಮೊಣಕಾಲ ಸಂದಿಯಿಂದ ನೋಡಿ, ಮತ್ತೆ ಅಳುತ್ತಿದ್ದಳು.